ಮಳೆಯ ದಿನಗಳಲ್ಲಿ ವೆನಿಸ್: ವಿದ್ಯಾರ್ಥಿಗಳಿಗೆ ಎರಡು ರಾತ್ರಿಯ ಸಮಗ್ರ ಮಾರ್ಗದರ್ಶಿ

ಯೂರೋಪಿನಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ವೆನಿಸ್‌ಗೆ ಹೋಗಲು ಬಿಡುವು ಸಿಗುವುದು ಹೆಚ್ಚಾಗಿ ಅಕ್ಟೋಬರ್ ಕೊನೆಯಲ್ಲಿ, ನವೆಂಬರಿನಲ್ಲಿ, ಇಲ್ಲವೇ ಫೆಬ್ರವರಿಯ ಪರೀಕ್ಷೆ ಮುಗಿದ ಮೇಲೆ. ಹಾಸ್ಟೆಲ್ ಅಗ್ಗವಾಗುವುದೂ ಆಗಲೇ. ಮಳೆ ಹಿಡಿಯುವುದೂ ಆಗಲೇ. ಫೋನಿನಲ್ಲಿ ಸಾಲಾಗಿ ಮೂರು ಮೋಡದ ಚಿತ್ರ ನೋಡಿ ಬುಕಿಂಗ್ ರದ್ದು ಮಾಡುವವರು ಜಾಸ್ತಿ. ಮಾಡಬೇಡಿ. ವೆನಿಸ್‌ನ ಒಳ್ಳೆಯ ಸರಕಿನಲ್ಲಿ ಬಹುಪಾಲು ಸೂರಿನ ಕೆಳಗೇ ಇದೆ. ಜುಲೈನಲ್ಲಿ ಕಾಲಿಡಲು ಜಾಗವಿಲ್ಲದ ಓಣಿಗಳು ನವೆಂಬರಿನ ಸಂಜೆ ಪೂರ್ತಿ ನಿಮ್ಮದೇ.

ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇಲ್ಲಿ ನಿಮ್ಮ ದಿನವನ್ನು ನಿರ್ಧರಿಸುವುದು ಮಳೆ ಅಲ್ಲ, ಸಮುದ್ರದ ಉಬ್ಬರ. ಎರಡನ್ನೂ ಒಂದೇ ಎಂದುಕೊಂಡವರು ಬೇಡದ ದಿನ ಬೂಟು ಕೊಳ್ಳುತ್ತಾರೆ, ಬೇಕಾದ ದಿನ ಕಾಲು ನೆನೆಸಿಕೊಳ್ಳುತ್ತಾರೆ. ಈ ಮಾರ್ಗದರ್ಶಿಯಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ದಿನ ಗೊತ್ತು ಮಾಡಿ, ಕಾಗದ ಪತ್ರ ನೋಡಿಕೊಳ್ಳಿ

ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್‌ನಂಥ ಶೆಂಗೆನ್ ದೇಶದ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಇಟಲಿಗೆ ಬೇರೆ ವೀಸಾ ಬೇಡ. 180 ದಿನಗಳಲ್ಲಿ 90 ದಿನದವರೆಗೆ ಓಡಾಡಬಹುದು. ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಎರಡೂ ಮೂಲಪ್ರತಿ ಕೈಯಲ್ಲಿರಬೇಕು, ಫೋನಿನ ಫೋಟೋ ಸಾಲದು. ಗಡಿ ದಾಟುವ ರೈಲು, ಬಸ್ಸುಗಳಲ್ಲಿ ಪೊಲೀಸರು ಹತ್ತಿ ಕೇಳುವುದುಂಟು. ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಓದುವವರ ಕತೆ ಬೇರೆ. ಅವರಿಗೆ ಶೆಂಗೆನ್ ವೀಸಾ ಬೇಕೇ ಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ವೆನಿಸ್ 2024ರಿಂದ ಪ್ರವೇಶ ಶುಲ್ಕ ವಸೂಲಿ ಮಾಡುತ್ತಿದೆ. 2024 ಮತ್ತು 2025ರಲ್ಲಿ ಅದು ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ ದಿನಗಳಿಗೆ ಮಾತ್ರ ಇತ್ತು. 5 ಯೂರೋ, 2025ರಲ್ಲಿ ಕೊನೇ ಗಳಿಗೆಯಲ್ಲಿ ಕಟ್ಟಿದವರಿಗೆ 10. ರಾತ್ರಿ ತಂಗುವವರಿಗೆ ಈ ಶುಲ್ಕ ಇಲ್ಲ, ದ್ವೀಪದಾಚೆ ನೆಲದ ಕಡೆಯ ಬಡಾವಣೆ ಮೆಸ್ತ್ರೆಯಲ್ಲಿ ತಂಗಿದರೂ ಇಲ್ಲ. ಆದರೆ ಶುಲ್ಕದ ದಿನ ಬಿದ್ದರೆ ವಿನಾಯಿತಿಯ ಕ್ಯೂಆರ್ ಕೋಡ್ ಮಾಡಿಸಿಕೊಂಡಿರಬೇಕು. ನೀವು ಹೋಗುವ ದಿನಕ್ಕೆ ನಗರಸಭೆಯ ಜಾಲತಾಣ ಒಮ್ಮೆ ನೋಡಿಬಿಡಿ, ಐದು ನಿಮಿಷದ ಕೆಲಸ.

ದಿನ ಆರಿಸುವಾಗ ಇನ್ನೆರಡು ಮಾತು. ಫೆಬ್ರವರಿಯ ಕಾರ್ನಿವಲ್ ದಿನಗಳಲ್ಲಿ ಹಾಸ್ಟೆಲ್ ದರ ಆಕಾಶಕ್ಕೇರುತ್ತದೆ. ಮುಖವಾಡದ ಹುಚ್ಚಿಲ್ಲದಿದ್ದರೆ ಆ ಎರಡು ವಾರ ಬಿಟ್ಟುಬಿಡಿ. ನವೆಂಬರಿನ ಮೂರನೇ ವಾರದೊಳಗೆ ಹೋದರೆ ಬಿಯೆನಾಲೆ ಎಂಬ ದೊಡ್ಡ ಪ್ರದರ್ಶನ ಇನ್ನೂ ತೆರೆದಿರುತ್ತದೆ. ಸಮ ವರ್ಷಗಳಲ್ಲಿ ಕಲೆ, ಬೆಸ ವರ್ಷಗಳಲ್ಲಿ ವಾಸ್ತುಶಿಲ್ಪ. ಹಳೆಯ ಹಡಗುಕಟ್ಟೆ ಆರ್ಸೆನಾಲೆಯಲ್ಲಿ ಹಗ್ಗ ಹೊಸೆಯಲು ಕಟ್ಟಿದ 300 ಮೀಟರಿಗೂ ಉದ್ದದ ಕಟ್ಟಡವಿದೆ. ಪ್ರದರ್ಶನದ ದೊಡ್ಡ ಭಾಗ ಅದರೊಳಗೇ. ಹೊರಗೆ ಎಷ್ಟು ಸುರಿದರೂ ನಿಮಗೆ ಗೊತ್ತೇ ಆಗುವುದಿಲ್ಲ.

ಹೆಜ್ಜೆ 2: ಉಳಿಯುವ ಜಾಗ

ನೆಲದ ಕಡೆಯ ಮೆಸ್ತ್ರೆಯಲ್ಲಿ ಹಾಸಿಗೆ ಅಗ್ಗ. ಅಲ್ಲಿಂದ ದ್ವೀಪದ ಸಾಂತಾ ಲುಚೀಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಟಿಕೆಟ್ ಒಂದೂವರೆ ಯೂರೋ ಆಸುಪಾಸು. ಬೇಸಿಗೆಯಲ್ಲಾದರೆ ನಾನೂ ಮೆಸ್ತ್ರೆಗೇ ಕಳಿಸುತ್ತಿದ್ದೆ. ಮಳೆಯ ದಿನಗಳಲ್ಲಿ ಮಾತ್ರ ದ್ವೀಪದಲ್ಲೇ ಉಳಿಯಿರಿ ಎನ್ನುತ್ತೇನೆ. ಕಾರಣ ಸರಳ. ಮಧ್ಯಾಹ್ನ ಎರಡು ಗಂಟೆಗೆ ಕಾಲುಚೀಲ ಒದ್ದೆಯಾದಾಗ ಕೋಣೆಗೆ ಹೋಗಿ ಬದಲಿಸಿ, ಅರ್ಧ ಗಂಟೆ ಮಲಗಿ, ಮತ್ತೆ ಹೊರಡಬಹುದು. ಮೆಸ್ತ್ರೆಗೆ ಒಮ್ಮೆ ವಾಪಸ್ ಹೋದವರು ಆ ದಿನ ಮತ್ತೆ ಬರುವುದು ಕಷ್ಟ. ಆಗ ತಪ್ಪುವುದು ಸಂಜೆಯ ವೆನಿಸ್. ಇರುವುದರಲ್ಲಿ ಅದೇ ಚೆಂದ.

ದ್ವೀಪದಲ್ಲಿ ವಿದ್ಯಾರ್ಥಿಗಳಿಗೆ ಅನುಕೂಲದ ಬಡಾವಣೆ ಕನ್ನರೇಜೊ. ನಿಲ್ದಾಣದಿಂದ ನಡೆದೇ ಹೋಗಬಹುದು, ಊಟ ಅಗ್ಗ, ಸೂಪರ್‌ಮಾರ್ಕೆಟ್‌ಗಳಿವೆ. ಜುದೆಕ್ಕಾ ದ್ವೀಪದಲ್ಲೂ ದೊಡ್ಡ ಹಾಸ್ಟೆಲ್ ಇದೆ. ಅಲ್ಲಿಂದ ಕಾಣುವ ನೋಟ ಬೇರೆಲ್ಲೂ ಇಲ್ಲ. ಆದರೆ ಪ್ರತಿ ಸಲವೂ ದೋಣಿ ಹಿಡಿಯಬೇಕು. ಅಲ್ಲಿ ಉಳಿದರೆ ದೋಣಿಯ ಪಾಸ್ ಖರ್ಚನ್ನೂ ಬಾಡಿಗೆಗೆ ಸೇರಿಸಿಯೇ ಲೆಕ್ಕ ಹಾಕಿ. ಎಲ್ಲೇ ಬುಕ್ ಮಾಡಿದರೂ ನೆಲಮಹಡಿಯ ಕೋಣೆ ಬೇಡ. ರಾತ್ರಿ ಲೆಕ್ಕದ ಪ್ರವಾಸಿ ತೆರಿಗೆಯನ್ನು ಸಾಮಾನ್ಯವಾಗಿ ಅಲ್ಲೇ ಬೇರೆಯಾಗಿ ಕಟ್ಟಿಸಿಕೊಳ್ಳುತ್ತಾರೆ.

ಹೆಜ್ಜೆ 3: ಚೀಲ ಕಟ್ಟುವುದು

ಚಕ್ರದ ಸೂಟ್‌ಕೇಸ್ ಮನೆಯಲ್ಲೇ ಇರಲಿ. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ. ಹೆಚ್ಚುಕಡಿಮೆ ಎಲ್ಲಕ್ಕೂ ಮೆಟ್ಟಿಲು. ಬೆನ್ನಿನ ಚೀಲ ಒಂದೇ ಸಾಕು. ಅದರೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ, ಅದರೊಳಗೆ ಬಟ್ಟೆ ಇಡಿ. ಹೊರಗಿನ ಮಳೆಹೊದಿಕೆಗಿಂತ ಇದು ಗಟ್ಟಿ ಉಪಾಯ.

ಕರಾವಳಿ, ಮಲೆನಾಡಿನಿಂದ ಬಂದವರು "ನಮಗೇನು ಮಳೆ ಹೊಸದಾ" ಎಂದುಕೊಳ್ಳುತ್ತಾರೆ. ಮಳೆ ಹೊಸದಲ್ಲ, ಚಳಿ ಮಳೆ ಹೊಸದು. ನವೆಂಬರಿನಲ್ಲಿ ಹಗಲಿಗೆ ಹತ್ತು ಹನ್ನೆರಡು ಡಿಗ್ರಿ ಅಷ್ಟೇ, ಜೊತೆಗೆ ಸಮುದ್ರದ ಗಾಳಿ. ನೆನೆದ ಮೇಲೆ ಒಣಗುವ ಮಾತಿಲ್ಲ. ಹಾಗಾಗಿ ಕಾಲುಚೀಲ ದಿನಕ್ಕೆ ಎರಡು ಜೊತೆ ಲೆಕ್ಕದಲ್ಲಿ ಹಾಕಿಕೊಳ್ಳಿ. ಶೂ ಒಂದೇ ಜೊತೆಯಾದರೂ ಅಡಿಭಾಗ ಹಿಡಿತ ಕೊಡುವಂತಿರಲಿ, ನುಣುಪಾಗಿ ಸವೆದದ್ದು ಬೇಡ. ಇಲ್ಲಿ ಸೇತುವೆಯ ಮೆಟ್ಟಿಲಂಚಿಗೆ ಹಾಸಿರುವುದು ಬಿಳಿ ಇಸ್ತ್ರಿಯಾ ಕಲ್ಲು. ನೂರಾರು ವರ್ಷ ಸವೆದು ನುಣ್ಣಗಾಗಿದೆ. ಮಳೆ ಬಿದ್ದರೆ ಅಡಿಕೆ ತೋಟದ ಪಾಚಿ ಕಲ್ಲಿನ ಹಾಗೆ ಜಾರುತ್ತದೆ. ಬಿಳಿ ಅಂಚು ಬಿಟ್ಟು ಬೂದು ಕಲ್ಲಿನ ಮೇಲೆ ಹೆಜ್ಜೆ ಇಡಿ. ಪಿಯಾತ್ಸಾಲೆ ರೋಮಾ ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣದ ನಡುವೆ 2008ರಲ್ಲಿ ತೆರೆದ ಹೊಸ ಸೇತುವೆಯೊಂದಿದೆ. ಅದರ ಗಾಜಿನ ಮೆಟ್ಟಿಲು ಜಾರುವುದಕ್ಕೇ ಹೆಸರುವಾಸಿ. ಕಟಾಂಜನ ಹಿಡಿದೇ ದಾಟಿ.

ಛತ್ರಿಯೋ ರೇನ್‌ಕೋಟೋ? ರೇನ್‌ಕೋಟ್. ಕಲ್ಲೆ ಎಂದು ಕರೆಯುವ ಇಲ್ಲಿನ ಓಣಿಗಳಲ್ಲಿ ತೀರ ಇಕ್ಕಟ್ಟಿನದು 53 ಸೆಂಟಿಮೀಟರ್ ಅಗಲ. ಅಂಥದ್ದರಲ್ಲಿ ಛತ್ರಿ ಬಿಚ್ಚುವುದಿರಲಿ, ಎದುರಿಗೆ ಒಬ್ಬರು ಬಂದರೂ ಯಾರಾದರೊಬ್ಬರು ಹಿಂದೆ ಹೋಗಬೇಕು. ಅಗಲದ ಓಣಿಗಳಲ್ಲೂ ಎರಡು ಛತ್ರಿ ಎದುರಾದರೆ ಒಂದನ್ನು ಓರೆ ಮಾಡಬೇಕು. ಊರವರು ಇದನ್ನು ನೋಡದೆಯೇ ಮಾಡುತ್ತಾರೆ. ನಾವು ಕಣ್ಣಿಗೆ ಚುಚ್ಚುತ್ತೇವೆ.

ರಬ್ಬರ್ ಬೂಟು ಹೊತ್ತು ತರಬೇಡಿ. ನೀರು ಬಂದ ದಿನ ಶೂ ಮೇಲೆ ಹಾಕುವ ಪ್ಲಾಸ್ಟಿಕ್ ಬೂಟುಗಳು ಬೀದಿಯಲ್ಲೇ ಸಿಗುತ್ತವೆ. ಬೇಕಾ ಬೇಡವಾ ಎಂಬುದನ್ನು ಮುಂದಿನ ಹೆಜ್ಜೆ ಹೇಳುತ್ತದೆ.

ಹೆಜ್ಜೆ 4: ಉಬ್ಬರದ ಅಂಕಿ ಓದುವುದು ಕಲಿಯಿರಿ

ವೆನಿಸ್ ನಿಂತಿರುವುದು ಸಮುದ್ರಕ್ಕೆ ತೆರೆದುಕೊಂಡ ಹಿನ್ನೀರಿನಲ್ಲಿ. ಎಷ್ಟೇ ಮಳೆ ಬಂದರೂ ಆ ನೀರು ಕಾಲುವೆಗೆ ಇಳಿದು ಕಡಲಿಗೆ ಹೋಗುತ್ತದೆ. ಬೀದಿಗೆ ನೀರು ಏರುವುದು ಕಡಲ ಕಡೆಯಿಂದ. ಇದನ್ನು ಇಲ್ಲಿಯವರು ಅಕ್ವಾ ಆಲ್ತಾ ಎನ್ನುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರ, ಆಗ್ನೇಯದಿಂದ ಬೀಸುವ ಶಿರೊಕ್ಕೊ ಗಾಳಿ, ವಾಯುಭಾರ ಕುಸಿತ, ಈ ಮೂರೂ ಒಟ್ಟಿಗೆ ಸೇರಿದಾಗ ನೀರು ಏರುತ್ತದೆ. ಏಡ್ರಿಯಾಟಿಕ್ ಉದ್ದನೆಯ, ಕಿರಿದಾದ ಸಮುದ್ರ. ಶಿರೊಕ್ಕೊ ಅದರ ಉದ್ದಕ್ಕೂ ನೀರನ್ನು ದೂಡಿಕೊಂಡು ಬಂದು ಮೇಲ್ತುದಿಯಲ್ಲಿರುವ ವೆನಿಸ್‌ನಲ್ಲಿ ಗುಡ್ಡೆ ಹಾಕುತ್ತದೆ. ಆದ್ದರಿಂದ ಬಿಸಿಲಿರುವ ದಿನವೂ ಚೌಕದಲ್ಲಿ ನೀರು ನಿಲ್ಲಬಹುದು, ಇಡೀ ದಿನ ಸುರಿದರೂ ನೆಲ ಬರೀ ಒದ್ದೆಯಾಗಿರಬಹುದು.

ನಗರಸಭೆಯ ಉಬ್ಬರ ಕೇಂದ್ರದ ಆ್ಯಪ್ ಹೆಸರು ಹೈ ಟೈಡ್ ವೆನಿಸ್. ಹೊರಡುವ ಮೊದಲೇ ಹಾಕಿಕೊಳ್ಳಿ. ಅದರಲ್ಲಿ ಮುಂದಿನ ಎರಡು ಮೂರು ದಿನಗಳ ಏರಿಳಿತ, ಯಾವ ಹೊತ್ತಿಗೆ ಎಷ್ಟು ಎಂಬುದು ಸೆಂಟಿಮೀಟರಿನಲ್ಲಿ ಇರುತ್ತದೆ. ಇಲ್ಲಿ ಗಾಬರಿ ಬೀಳುವವರೇ ಹೆಚ್ಚು. 100 ಎಂದು ಕಂಡರೆ ಬೀದಿಯಲ್ಲಿ ಒಂದು ಮೀಟರ್ ನೀರು ಎಂದಲ್ಲ. ಆ ಅಂಕಿ 1897ರಲ್ಲಿ ಗೊತ್ತು ಮಾಡಿದ ಸಮುದ್ರ ಮಟ್ಟದಿಂದ ಅಳೆದದ್ದು. ಊರಿನಲ್ಲೇ ತಗ್ಗಾದ ಸಾನ್ ಮಾರ್ಕೊ ಚೌಕಕ್ಕೆ ನೀರು ಬರಲು ಶುರುವಾಗುವುದು 80ರ ಸುಮಾರಿಗೆ. ಅಂದರೆ 100 ಎಂದಿದ್ದರೆ ಚೌಕದ ತಗ್ಗಿನಲ್ಲಿ ಪಾದ ಮುಳುಗಿ ಸ್ವಲ್ಪ ಮೇಲಕ್ಕೆ, ಬೇರೆ ಬಡಾವಣೆಗಳಲ್ಲಿ ಬಹುತೇಕ ಏನೂ ಇಲ್ಲ. 110ಕ್ಕೆ ಊರಿನ ನಡೆದಾಡುವ ಜಾಗದಲ್ಲಿ ಸುಮಾರು ನೂರಕ್ಕೆ ಹನ್ನೆರಡು ಭಾಗಕ್ಕೆ ನೀರು. 140ಕ್ಕೆ ಅರ್ಧಕ್ಕಿಂತ ಹೆಚ್ಚು. ದಾಖಲೆಯಲ್ಲಿ ಅತಿ ಎತ್ತರದ್ದು 1966ರ ನವೆಂಬರ್ 4ರಂದು, 194 ಸೆಂ.ಮೀ. ಎರಡನೆಯದು 2019ರ ನವೆಂಬರ್ 12ರಂದು, 187.

ಹಾಗಾದರೆ ಈಗ? ಈಗ ಮೊಸೆ ಇದೆ. ಹಿನ್ನೀರಿಗೆ ಕಡಲು ಒಳಬರುವ ಮೂರು ಬಾಯಿಗಳಲ್ಲಿ, ಲಿದೊ, ಮಲಮೊಕ್ಕೊ ಮತ್ತು ಕಿಯೊಜ್ಜಾದಲ್ಲಿ, ತಳದಲ್ಲಿ ಮಲಗಿಸಿಟ್ಟ 78 ಟೊಳ್ಳು ಬಾಗಿಲುಗಳು. ಉಬ್ಬರದ ಮುನ್ಸೂಚನೆ ಬಂದಾಗ ಒಳಗಿನ ನೀರನ್ನು ಗಾಳಿಯೊತ್ತಡದಿಂದ ಹೊರಹಾಕುತ್ತಾರೆ. ಬಾಗಿಲುಗಳು ತೇಲಿ ಎದ್ದು ಗೋಡೆಯಾಗುತ್ತವೆ. ನಿಜವಾದ ಉಬ್ಬರಕ್ಕೆ ಮೊದಲ ಸಲ ಎತ್ತಿದ್ದು 2020ರ ಅಕ್ಟೋಬರ್ 3ರಂದು. 2022ರ ನವೆಂಬರ್ 22ರಂದು ಹೊರಗೆ ಕಡಲು 170 ದಾಟಿದಾಗಲೂ ಊರೊಳಗೆ ನೀರು ನುಗ್ಗಲಿಲ್ಲ. ಸಾಮಾನ್ಯವಾಗಿ 110 ಮತ್ತು ಮೇಲಿನ ಮುನ್ಸೂಚನೆಗೆ ಎತ್ತುತ್ತಾರೆ. ಹಾಗಾಗಿ ನಿಮಗೆ ಎದುರಾಗುವ ಸಾಧ್ಯತೆ ಇರುವುದು 80ರಿಂದ 110ರ ನಡುವಿನ ನೀರು. ಅದೂ ಸಾನ್ ಮಾರ್ಕೊ ಸುತ್ತಮುತ್ತ, ಅದೂ ಎರಡು ಮೂರು ಗಂಟೆ. ಸಾನ್ ಮಾರ್ಕೊ ಬಸಿಲಿಕಾಗೆ 2022ರಲ್ಲಿ ಸುತ್ತಲೂ ಗಾಜಿನ ತಡೆ ಹಾಕಿದ್ದಾರೆ, ಅದರೊಳಗೆ ಒಣಗಿಯೇ ಇರುತ್ತದೆ.

ಈಗ ಕೆಲಸಕ್ಕೆ ಬರುವ ಲೆಕ್ಕ. ಉಬ್ಬರ ಇಳಿತ ಸುಮಾರು ಆರು ಗಂಟೆಗೊಮ್ಮೆ ಬದಲಾಗುತ್ತದೆ. ಆ್ಯಪ್‌ನಲ್ಲಿ ಬೆಳಿಗ್ಗೆ 10ಕ್ಕೆ 95 ಎಂದಿದ್ದರೆ ಸಾನ್ ಮಾರ್ಕೊ ಮಧ್ಯಾಹ್ನಕ್ಕೆ ತಳ್ಳಿ, ಬೆಳಿಗ್ಗೆ ಎತ್ತರದ ಬಡಾವಣೆಗಳಲ್ಲಿ ಕಳೆಯಿರಿ. ನೀರಿರುವ ಕಡೆ ನಗರಸಭೆಯವರು ಕಬ್ಬಿಣದ ಕಾಲುಗಳ ಮೇಲೆ ಹಲಗೆಯ ದಾರಿ ಹಾಕುತ್ತಾರೆ. ಅದರ ಮೇಲೆ ಬಲಗಡೆ ನಡೆಯಬೇಕು, ನಿಂತು ಸೆಲ್ಫಿ ತೆಗೆಯಬಾರದು. ಹಿಂದೆ ಕೆಲಸಕ್ಕೆ ಹೋಗುವವರು ಕಾಯುತ್ತಿರುತ್ತಾರೆ. ಸೈರನ್ ಕೇಳಿದರೆ ಅದರ ನಂತರದ ಸ್ವರಗಳನ್ನು ಎಣಿಸಿ. ಒಂದು ಸ್ವರ ಎಂದರೆ 110, ಎರಡು 120, ಮೂರು 130, ನಾಲ್ಕು 140ಕ್ಕೆ ಮೇಲ್ಪಟ್ಟು.

ನೀರು ನೋಡಿ ಶೂ ಬಿಚ್ಚಿ ಇಳಿದು ಫೋಟೋ ತೆಗೆಸಿಕೊಳ್ಳುವ ಖಯಾಲಿ ಕೆಲವರಿಗೆ. ಬೇಡ ಮಾರಾಯ್ರೆ. ಅದು ಉಪ್ಪು ನೀರು, ಮನೆಗಳ ಬಚ್ಚಲ ನೀರೂ ಕಾಲುವೆಗೇ ಸೇರುತ್ತದೆ, ಕೆಳಗೆ ಏನು ಬಿದ್ದಿದೆಯೋ ಕಾಣುವುದಿಲ್ಲ.

ಹೆಜ್ಜೆ 5: ತಲುಪುವುದು, ದೋಣಿಯ ಪಾಸ್ ಕೊಳ್ಳುವುದು

ರೈಲಿನಲ್ಲಿ ಬಂದರೆ ಸಾಂತಾ ಲುಚೀಯಾವರೆಗೆ ಟಿಕೆಟ್ ಇದೆಯಾ ನೋಡಿ, ಹಲವರು ಮೆಸ್ತ್ರೆಯಲ್ಲೇ ಇಳಿದುಬಿಡುತ್ತಾರೆ. ರೀಜನಲ್ ಎಂಬ ಸ್ಥಳೀಯ ರೈಲಿನ ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮಾರ್ಕೊ ಪೋಲೊ ವಿಮಾನ ನಿಲ್ದಾಣದಿಂದ ಪಿಯಾತ್ಸಾಲೆ ರೋಮಾಗೆ ಬಸ್ಸಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ, 10 ಯೂರೋ. ಅಗ್ಗದ ವಿಮಾನಗಳು ಇಳಿಯುವ ತ್ರೆವಿಸೊ ಇನ್ನೂ ದೂರ. ಟಿಕೆಟ್ ಅಗ್ಗ ಅಂತ ಖುಷಿಪಡುವ ಮೊದಲು ಆ ಬಸ್ಸಿನ ಹಣ, ಹೊತ್ತು ಎರಡನ್ನೂ ಕೂಡಿಸಿ ನೋಡಿ. ದೂರದ ಬಸ್ಸುಗಳು ಕೆಲವು ತ್ರೊಂಕೆತ್ತೊದಲ್ಲಿ ಬಿಡುತ್ತವೆ. ಅಲ್ಲಿಂದ ಪೀಪಲ್ ಮೂವರ್ ಎಂಬ ಪುಟ್ಟ ರೈಲು ಪಿಯಾತ್ಸಾಲೆ ರೋಮಾಗೆ ತರುತ್ತದೆ.

ವಪೊರೆತ್ತೊ ಎಂದರೆ ಇಲ್ಲಿಯ ಸಿಟಿ ಬಸ್, ನೀರಿನ ಮೇಲೆ ಓಡುತ್ತದೆ ಅಷ್ಟೇ. 75 ನಿಮಿಷದ ಒಂದು ಟಿಕೆಟ್ 9.50 ಯೂರೋ. ಹೌದು, ಒಂಬತ್ತೂವರೆ. 24 ಗಂಟೆಯ ಪಾಸ್ 25, 72 ಗಂಟೆಯದು 45. ದಿನಕ್ಕೆ ಮೂರು ಸಲ ಹತ್ತಿದರೆ ಪಾಸೇ ಲಾಭ. ಇಲ್ಲೊಂದು ಗುಟ್ಟಿದೆ. 6ರಿಂದ 29 ವರ್ಷದವರಿಗೆ ರೋಲಿಂಗ್ ವೆನಿಸ್ ಎಂಬ ಕಾರ್ಡು, 6 ಯೂರೋ. ಅದಿದ್ದರೆ 72 ಗಂಟೆಯ ಪಾಸ್ 27ಕ್ಕೇ ಸಿಗುತ್ತದೆ. ಎರಡೂ ಸೇರಿ 33. ವಯಸ್ಸು ಮಾತ್ರ ನೋಡುತ್ತಾರೆ, ಯಾವ ದೇಶದವರು ಎಂದು ಕೇಳುವುದಿಲ್ಲ. ಪಾಸ್‌ಪೋರ್ಟ್ ತೋರಿಸಿ. ದರಗಳು ಆಗಾಗ ಏರುತ್ತವೆ, ಆದರೆ ಲೆಕ್ಕದ ದಾರಿ ಇದೇ. ಸಾಮಾನ್ಯ ಪಾಸಿನಲ್ಲಿ ವಿಮಾನ ನಿಲ್ದಾಣದ ಬಸ್ ಸೇರಿಲ್ಲ. ಪ್ರತಿ ಸಲ ಹತ್ತುವ ಮೊದಲು ಯಂತ್ರಕ್ಕೆ ತಾಗಿಸಬೇಕು, ಪಾಸ್ ಇದ್ದರೂ. ತಾಗಿಸದಿದ್ದರೆ ದಂಡ.

ಬೇಸಿಗೆಯಲ್ಲಿ ಪಾಸ್ ಇಲ್ಲದೆಯೂ ನಡೆಯುತ್ತದೆ. ಊರು ಚಿಕ್ಕದು, ನಿಲ್ದಾಣದಿಂದ ಸಾನ್ ಮಾರ್ಕೊಗೆ ಅರ್ಧ ಮುಕ್ಕಾಲು ಗಂಟೆ ನಡಿಗೆ. ಮಳೆಯಲ್ಲಿ ಮಾತ್ರ ಪಾಸ್ ಬಹಳ ಉಪಯೋಗ. ಸುಮ್ನೆ ಒಳಗೆ ಕೂತು, ಬೆಚ್ಚಗೆ, ಕಿಟಕಿಯಿಂದ ಅರಮನೆಗಳನ್ನು ನೋಡುತ್ತಾ ಎಷ್ಟು ಸುತ್ತು ಬೇಕಾದರೂ ಹೊಡೆಯಬಹುದು. ತುಂಬಾ ಉಬ್ಬರ ಇರುವ ದಿನ ದೋಣಿಗಳು ಕೆಲವು ತಗ್ಗು ಸೇತುವೆಗಳ ಕೆಳಗೆ ತೂರಲಾರವು, ಮಾರ್ಗ ಬದಲಾಗುತ್ತದೆ. ಮಂಜು ಕವಿದಾಗಲೂ ಅಷ್ಟೆ. ನಿಲ್ದಾಣದ ಫಲಕ ನೋಡಿ. ಮುಷ್ಕರಗಳೂ ಇಟಲಿಯಲ್ಲಿ ಸಾಮಾನ್ಯ. ಇಟಾಲಿಯನ್ ಸುದ್ದಿಯಲ್ಲಿ "ಶೋಪೆರೊ" ಎಂಬ ಪದ ಕಂಡರೆ ಆ ದಿನದ ರೈಲು, ದೋಣಿ ಎರಡನ್ನೂ ಮತ್ತೊಮ್ಮೆ ಖಚಿತ ಮಾಡಿಕೊಳ್ಳಿ.

ಹೆಜ್ಜೆ 6: ಮೊದಲ ಸಂಜೆ

ಚೀಲ ಕೋಣೆಯಲ್ಲಿಟ್ಟು ನಿಲ್ದಾಣದ ಎದುರಿನ ಫೆರ್ರೊವೀಯಾ ಕಟ್ಟೆಯಿಂದ 1ನೇ ನಂಬರ್ ದೋಣಿ ಹತ್ತಿ. ಇದು ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಲ್ಲುತ್ತಾ ಮುಕ್ಕಾಲು ಗಂಟೆಯಲ್ಲಿ ಸಾನ್ ಮಾರ್ಕೊ ಕಡೆಗೆ ಒಯ್ಯುತ್ತದೆ. 2ನೇ ನಂಬರ್ ಬೇಗ ಹೋಗುತ್ತದೆ, ಆದರೆ ಮೊದಲ ದಿನ ಬೇಗ ಹೋಗಿ ಏನು ಮಾಡುವುದು?

ಸಾನ್ ಜಕ್ಕರೀಯಾದಲ್ಲಿ ಇಳಿದು ಚೌಕಕ್ಕೆ ಬನ್ನಿ. ಚೌಕದ ಮೂರು ಕಡೆ ಕಮಾನಿನ ಮೊಗಸಾಲೆ ಇದೆ. ಮಳೆಯಲ್ಲೂ ನೆನೆಯದೆ ಸುತ್ತಬಹುದು. ಅಲ್ಲಿನ ಹಳೆಯ ಕೆಫೆಗಳಲ್ಲಿ ಕೂರುವ ಮುನ್ನ ಬೆಲೆಪಟ್ಟಿ ನೋಡಿ. 1720ರಲ್ಲಿ ಶುರುವಾದ ಫ್ಲೋರಿಯನ್ ಇರುವುದೂ ಇಲ್ಲೇ. ವಾದ್ಯ ನುಡಿಸುತ್ತಿದ್ದರೆ ಆ ಹಣವೂ ಬಿಲ್ಲಿಗೆ ಸೇರುತ್ತದೆ. ಕೇಳಲು ಕೂರಬೇಕಿಲ್ಲ, ಕಂಬಕ್ಕೆ ಒರಗಿ ನಿಂತರೂ ಅದೇ ಸಂಗೀತ. ಹಗಲು ಬಂದ ಗುಂಪುಗಳೆಲ್ಲ ಆರೇಳು ಗಂಟೆಗೆ ಖಾಲಿ. ಒದ್ದೆ ಕಲ್ಲಿನ ಮೇಲೆ ದೀಪ ಬಿದ್ದಾಗ ಚೌಕ ಬೇರೆಯೇ ಜಾಗ ಅನ್ನಿಸುತ್ತದೆ. ನನ್ನನ್ನು ಕೇಳಿದರೆ ಬಿಸಿಲಿನ ಸಾನ್ ಮಾರ್ಕೊಗಿಂತ ಇದೇ ಮೇಲು.

ವಾಪಸ್ ನಡೆದೇ ಹೋಗಿ. ಗೋಡೆಗಳ ಮೇಲೆ ಹಳದಿ ಫಲಕಗಳಿವೆ: "ಪೆರ್ ರಿಯಾಲ್ತೊ", "ಅಲ್ಲಾ ಫೆರ್ರೊವೀಯಾ". ಎರಡನೆಯದು ರೈಲು ನಿಲ್ದಾಣಕ್ಕೆ. ಇಕ್ಕಟ್ಟಿನ ಓಣಿಗಳಲ್ಲಿ ಫೋನಿನ ಮ್ಯಾಪ್ ತಡಬಡಿಸುತ್ತದೆ, ಒದ್ದೆ ಬೆರಳಿಗೆ ಸ್ಕ್ರೀನ್ ಕೂಡ ಮಾತು ಕೇಳುವುದಿಲ್ಲ. ಫಲಕ ನಂಬಿ. ವಿಳಾಸದ ಮನೆ ನಂಬರ್ ಬೀದಿಯದ್ದಲ್ಲ, ಇಡೀ ಬಡಾವಣೆಯದ್ದು. ಒಂದರಿಂದ ಶುರುವಾಗಿ ಸಾವಿರಗಟ್ಟಲೆ ಹೋಗುತ್ತದೆ. ಹಾಸ್ಟೆಲ್‌ನವರಿಂದ ಹತ್ತಿರದ ಸೇತುವೆ ಅಥವಾ ಚರ್ಚಿನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 7: ಪೂರ್ತಿ ಮಳೆಯ ದಿನ

ಬೆಳಿಗ್ಗೆ ಎದ್ದ ಕೂಡಲೇ ಆ್ಯಪ್ ನೋಡಿ. ಬೆಳಗಿನ ಉಬ್ಬರ 80ಕ್ಕಿಂತ ಕೆಳಗಿದ್ದರೆ ಬಾಗಿಲು ತೆರೆಯುವ ಹೊತ್ತಿಗೆ ದೋಜೆಯ ಅರಮನೆಗೆ. ವೆನಿಸ್ ಗಣರಾಜ್ಯವಾಗಿದ್ದಾಗ ಅದರ ಮುಖ್ಯಸ್ಥನನ್ನು ದೋಜೆ ಎನ್ನುತ್ತಿದ್ದರು. ಪೂರ್ತಿ ಟಿಕೆಟ್ 30 ಯೂರೋ ಸುಮಾರಿದೆ, ತಿಂಗಳು ಮೊದಲೇ ಕೊಂಡರೆ ಕಡಿಮೆ. 15ರಿಂದ 25 ವರ್ಷದ ವಿದ್ಯಾರ್ಥಿಗಳಿಗೆ ದೊಡ್ಡ ರಿಯಾಯಿತಿ. ವಿದ್ಯಾರ್ಥಿ ಕಾರ್ಡ್ ತನ್ನಿ. ಮಹಾಸಭೆಯ ಹಾಲ್ 53 ಮೀಟರ್ ಉದ್ದ, 25 ಮೀಟರ್ ಅಗಲ, ಮಧ್ಯೆ ಒಂದೂ ಕಂಬವಿಲ್ಲ. ಚಿತ್ರಕಾರ ತಿಂತೊರೆತ್ತೊನ "ಸ್ವರ್ಗ" ಒಂದು ಗೋಡೆಯನ್ನು ಪೂರ್ತಿ ತುಂಬಿಕೊಂಡಿದೆ. ನಿಟ್ಟುಸಿರಿನ ಸೇತುವೆಯನ್ನು ಹೊರಗಿನಿಂದ ನೋಡಲು ಎಲ್ಲರೂ ಛತ್ರಿ ಹಿಡಿದು ನೂಕಾಡುತ್ತಾರೆ. ನೀವು ಅದರೊಳಗೇ ನಡೆದು ಜೈಲಿಗೆ ದಾಟುತ್ತೀರಿ, ನೆನೆಯದೆ.

ಅದೇ ಟಿಕೆಟಿನಲ್ಲಿ ಚೌಕದ ಎದುರು ತುದಿಯ ಕೊರ್ರೆರ್ ಮ್ಯೂಸಿಯಂ ಮತ್ತು ಅದಕ್ಕೆ ಹೊಂದಿಕೊಂಡ ಮಾರ್ಚಾನಾ ಗ್ರಂಥಾಲಯದ ಹಳೆಯ ಕೋಣೆಗಳೂ ಸೇರಿವೆ. ಅರಮನೆ ಮುಗಿಸಿ ಸುಸ್ತಾಗಿ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಕನ್ನಡಿಗರು ಬಿಡಬಾರದು. ಅಲ್ಲಿ ಸುಮಾರು 1450ರ ಹೊತ್ತಿಗೆ ಫ್ರಾ ಮೌರೊ ಎಂಬ ಸನ್ಯಾಸಿ ಮಾಡಿದ ಪ್ರಪಂಚದ ಭೂಪಟವಿದೆ. ಎರಡು ಮೀಟರ್ ಆಸುಪಾಸಿನ ದುಂಡನೆ ಪಟ, ದಕ್ಷಿಣ ಮೇಲಕ್ಕೆ. ಅದಕ್ಕೆ ಪೂರ್ವ ದೇಶಗಳ ಸುದ್ದಿ ಒದಗಿಸಿದವರಲ್ಲಿ ನಿಕೊಲೊ ಕೊಂತಿ ಒಬ್ಬ ಎಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಇತಿಹಾಸ ಪಾಠದಲ್ಲಿ ವಿಜಯನಗರಕ್ಕೆ 1420ರ ಸುಮಾರಿಗೆ ಬಂದ ವಿದೇಶಿ ಯಾತ್ರಿಕ ಎಂದು ಓದಿದ್ದೆವಲ್ಲ, ಅವನೇ. ಇದೇ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾದವನು. ಹಂಪಿ ಕಂಡ ವೆನಿಸ್‌ನವನ ಜಾಡು ಮಳೆಗೆ ಆಸರೆ ಹುಡುಕುತ್ತಾ ಹೋದವರಿಗೆ ಸಿಗುವುದು ಸಣ್ಣ ಸಂಗತಿಯೇನಲ್ಲ.

ಮಧ್ಯಾಹ್ನಕ್ಕೆ ಸಾನ್ ಪೋಲೊ ಬಡಾವಣೆಯ ಕಡೆ ದಾಟಿ. ಸ್ಕುವೋಲಾ ಗ್ರಾಂದೆ ದಿ ಸಾನ್ ರೊಕ್ಕೊ ಎಂಬ ಹಳೆಯ ಸಂಘದ ಕಟ್ಟಡದಲ್ಲಿ ತಿಂತೊರೆತ್ತೊ ಇಪ್ಪತ್ತಕ್ಕೂ ಹೆಚ್ಚು ವರ್ಷ ಗೋಡೆ, ಚಾವಣಿ ತುಂಬ ಬಿಡಿಸಿದ್ದಾನೆ. ಚಾವಣಿ ನೋಡಲು ಕೈಗೆ ಕನ್ನಡಿ ಕೊಡುತ್ತಾರೆ, ಕತ್ತು ನೋಯುವುದಿಲ್ಲ. ಪಕ್ಕದ ಫ್ರಾರಿ ಚರ್ಚಿನಲ್ಲಿ ತಿಶಿಯನ್ 1516ರಿಂದ 1518ರವರೆಗೆ ಬರೆದ ಮೇರಿಯ ಸ್ವರ್ಗಾರೋಹಣ. ಎರಡರ ನಡುವೆ ನಡಿಗೆ ಎರಡು ನಿಮಿಷ. ಜೋರು ಮಳೆಗೆ ಇದಕ್ಕಿಂತ ಒಳ್ಳೆಯ ಜೋಡಿ ಊರಿನಲ್ಲಿಲ್ಲ.

ಬೆಳಗಿನ ಉಬ್ಬರ 90, 100 ಇದ್ದರೆ ಇದೇ ದಿನವನ್ನು ತಿರುಗಿಸಿ. ಮೊದಲು ಸಾನ್ ರೊಕ್ಕೊ, ಫ್ರಾರಿ. ನೀರಿಳಿದ ಮೇಲೆ ಸಾನ್ ಮಾರ್ಕೊ. ಅರಮನೆಗೆ ಹೊತ್ತು ನಿಗದಿಯಾದ ಟಿಕೆಟ್ ಕೊಳ್ಳುವುದಾದರೆ ಹಿಂದಿನ ರಾತ್ರಿಯ ಮುನ್ಸೂಚನೆ ನೋಡಿಯೇ ಕೊಳ್ಳಿ.

ಅಕಾಡೆಮಿಯಾ ಚಿತ್ರಶಾಲೆಯ ಬಗ್ಗೆ ಒಂದು ಎಚ್ಚರಿಕೆ. ಅದು ಸರ್ಕಾರಿ ಮ್ಯೂಸಿಯಂ. 18ರಿಂದ 25 ವರ್ಷದವರಿಗೆ 2 ಯೂರೋ ಟಿಕೆಟ್ ಎಂದು ಬರೆದಿರುತ್ತದೆ, ಆದರೆ ಅದು ಯೂರೋಪ್ ಒಕ್ಕೂಟದ ನಾಗರಿಕರಿಗೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಪೂರ್ತಿ ಹಣ. ಅದಕ್ಕೆ ಒಂದು ದಾರಿ, ತಿಂಗಳ ಮೊದಲ ಭಾನುವಾರ ಹೋಗುವುದು. ಆ ದಿನ ಸರ್ಕಾರಿ ಮ್ಯೂಸಿಯಂಗಳು ಎಲ್ಲರಿಗೂ ಉಚಿತ.

ನೀರಿನ ಜೊತೆ ಈ ಊರು ಹೇಗೆ ಬದುಕುತ್ತದೆ ಎಂದು ನೋಡುವ ಆಸೆಯಿದ್ದರೆ ಎರಡು ಜಾಗ. ಸಾನ್ ಜಕ್ಕರೀಯಾ ಚರ್ಚಿನ ನೆಲಮಾಳಿಗೆಯಲ್ಲಿ ನೀರು ನಿಂತೇ ಇರುತ್ತದೆ, ಕಂಬಗಳು ಅದರಲ್ಲಿ ಪ್ರತಿಬಿಂಬಿಸುತ್ತವೆ. ಮೇಲೆ ಜೊವಾನ್ನಿ ಬೆಲ್ಲೀನಿಯ 1505ರ ಚಿತ್ರವೂ ಇದೆ. ಇನ್ನೊಂದು ಕ್ವೆರೀನಿ ಸ್ತಂಪಾಲಿಯಾ ಮ್ಯೂಸಿಯಂ. ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ಅದರ ನೆಲಮಹಡಿಯನ್ನು ನೀರು ತಡೆಯುವ ಬದಲು ಒಳಗೆ ಬಂದು ಹೋಗಲಿ ಎಂದೇ ಕಾಲುವೆಯಂಥ ತೋಡು, ಮೆಟ್ಟಿಲು ಇಟ್ಟು ರೂಪಿಸಿದ. ಆರ್ಕಿಟೆಕ್ಚರ್ ಓದುವವರು ಇದನ್ನು ತಪ್ಪಿಸಿಕೊಂಡರೆ ಬೈಸಿಕೊಳ್ಳುತ್ತಾರೆ.

ಹೆಜ್ಜೆ 8: ಹೊಟ್ಟೆ ಮತ್ತು ಜೇಬು

ಬಾಕರೊ ಎಂಬ ಸಣ್ಣ ಅಂಗಡಿಗಳಲ್ಲಿ ಚಿಕೆತ್ತಿ ಸಿಗುತ್ತದೆ. ಬ್ರೆಡ್ಡಿನ ತುಂಡಿನ ಮೇಲೆ ಏನಾದರೊಂದು, ಒಂದೊಂದಕ್ಕೆ ಎರಡು ಮೂರು ಯೂರೋ. ನಿಂತೇ ತಿನ್ನುವುದು. ಮೀನು ತಿನ್ನುವವರಿಗೆ ಹಬ್ಬ. ಬೆಣ್ಣೆಯ ಹಾಗೆ ಅರೆದ ಒಣಮೀನು, ಈರುಳ್ಳಿ ಹುಳಿಯಲ್ಲಿ ನೆನೆಸಿದ ಸಾರ್ಡೀನ್, ಅಂದರೆ ನಮ್ಮ ಭೂತಾಯಿ. ಕರಾವಳಿಯವರು ಎರಡನೆಯದನ್ನು ಬಿಡಬೇಡಿ.

ಸಸ್ಯಾಹಾರಿಗಳಿಗೆ ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. ವೆನಿಸ್‌ನದೇ ಆದ ಬೀಗೊಲಿ ಇನ್ ಸಾಲ್ಸಾ ಎಂಬ ಪಾಸ್ತಾ ನೋಡಲು ಬರೀ ಈರುಳ್ಳಿ, ಒಳಗೆ ಆಂಚೊವಿ ಮೀನು ಕರಗಿರುತ್ತದೆ. ಕರಿದ ಮೊಜ್ಜರೆಲ್ಲಾ ಸ್ಯಾಂಡ್‌ವಿಚ್ ಒಳಗೂ ಮೀನು ಅಥವಾ ಹಂದಿ ಇರಬಹುದು. ರಿಸೊತ್ತೊ ಎಂಬ ಅನ್ನದ ಅಡುಗೆಗೆ ಮಾಂಸದ ಸಾರು ಹಾಕಿರಬಹುದು. "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ" ಎಂದು ಹೇಳಿ, ಮಾಂಸ ಬೇಡ, ಮೀನು ಬೇಡ. "ಅಚ್ಚೂಗೆ" ಎಂಬ ಪದ ಕಂಡರೆ ಅದು ಆಂಚೊವಿ. ಚಳಿಗಾಲದಲ್ಲಿ ಕುಂಬಳಕಾಯಿ, ತ್ರೆವಿಸೊದ ಕೆಂಪು ರದಿಕ್ಕಿಯೊ ಸೊಪ್ಪು, ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಎಲ್ಲ ಕಡೆ ಇರುತ್ತವೆ. ತ್ರಮೆಜ್ಜೀನೊ ಎಂಬ ಮೆತ್ತನೆ ತ್ರಿಕೋನ ಸ್ಯಾಂಡ್‌ವಿಚ್ ಮಳೆಯ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ್ದು.

ಕಾಫಿ ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ಬೆಲೆ, ಕೂತರೆ ಇನ್ನೊಂದು. ಹೋಟೆಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಎರಡು ಮೂರು ಯೂರೋ ಸೇರಿಸುತ್ತಾರೆ, ಅದು ಮೋಸ ಅಲ್ಲ, ಪದ್ಧತಿ. ಬೀದಿ ನಲ್ಲಿಗಳ ನೀರು ಕುಡಿಯಬಹುದು, ಬಾಟಲಿ ಜೊತೆಗಿರಲಿ. ಕನ್ನರೇಜೊದಲ್ಲಿ ಹಳೆಯ ಸಿನಿಮಾ ಮಂದಿರವೊಂದನ್ನು ಸೂಪರ್‌ಮಾರ್ಕೆಟ್ ಮಾಡಿದ್ದಾರೆ. ಚಿತ್ರ ಬರೆದ ಚಾವಣಿಯ ಕೆಳಗೆ ಮೊಸರು ಬ್ರೆಡ್ಡು ಕೊಳ್ಳಬಹುದು. ಆದರೆ ಅದನ್ನು ಸಾನ್ ಮಾರ್ಕೊ ಚೌಕದಲ್ಲೋ ಸೇತುವೆಯ ಮೆಟ್ಟಿಲ ಮೇಲೋ ಕೂತು ತಿಂದರೆ ದಂಡ. ಸಂಜೆ ಹರಟೆಗೆ ದೊರ್ಸೊದೂರೊ ಬಡಾವಣೆಯ ಕಾಂಪೊ ಸಾಂತಾ ಮರ್ಗರೀತಾ ಚೌಕ ಒಳ್ಳೆಯದು. 1868ರಲ್ಲಿ ಶುರುವಾದ ಕಾ ಫೊಸ್ಕರಿ ವಿಶ್ವವಿದ್ಯಾಲಯದ ಹುಡುಗರು ಸೇರುವ ಜಾಗ, ಬೆಲೆಯೂ ಅವರ ಜೇಬಿಗೆ ತಕ್ಕಂತೆ.

ಗೊಂಡೋಲಾ? ನಗರಸಭೆ ನಿಗದಿ ಮಾಡಿದ ದರ ಹಗಲು ಅರ್ಧ ಗಂಟೆಗೆ 90 ಯೂರೋ, ಸಂಜೆಯ ಮೇಲೆ 110. ತಲೆಗಲ್ಲ, ದೋಣಿಗೆ. ಐದು ಜನ ಕೂರಬಹುದು. ಗೆಳೆಯರ ಗುಂಪಿದ್ದು ಮಳೆ ನಿಂತಿದ್ದರೆ ಯೋಚಿಸಬಹುದು. ಸುಮ್ನೆ ಒಮ್ಮೆ ಹತ್ತಿ ಇಳಿಯುವ ಆಸೆಯಾದರೆ ರಿಯಾಲ್ತೊ ಮಾರುಕಟ್ಟೆ ಬಳಿ ಗ್ರ್ಯಾಂಡ್ ಕೆನಾಲ್ ದಾಟಿಸುವ ತ್ರಾಗೆತ್ತೊ ಇದೆ. ಅದೂ ಗೊಂಡೋಲಾದಂಥದೇ ದೋಣಿ, 2 ಯೂರೋ, ಎರಡು ಮೂರು ನಿಮಿಷ.

ಹೆಜ್ಜೆ 9: ಮಳೆ ಬಿಟ್ಟರೆ, ಬಿಡದಿದ್ದರೆ, ಮತ್ತೆ ಹೊರಡುವುದು

ಕೊನೆಯ ಬೆಳಿಗ್ಗೆ ಬಿಸಿಲು ಬಂದರೆ ಫೊಂದಮೆಂತೆ ನೋವೆಯಿಂದ 12ನೇ ನಂಬರ್ ದೋಣಿಯಲ್ಲಿ ಬಣ್ಣದ ಮನೆಗಳ ಬುರಾನೊ ದ್ವೀಪಕ್ಕೆ ಹೋಗಿ ಬರಬಹುದು. ಹೋಗಲು ಮುಕ್ಕಾಲು ಗಂಟೆ, ಬರಲು ಅಷ್ಟೇ. ಮಳೆಯಿದ್ದರೆ ಬುರಾನೊ ಬೇಡ. ಅಲ್ಲಿ ನೋಡುವುದೆಲ್ಲ ಬಯಲಲ್ಲೇ. ಬದಲಿಗೆ ಹತ್ತಿರದ ಮುರಾನೊ ದ್ವೀಪಕ್ಕೆ ಹೋಗಿ ಗಾಜಿನ ಮ್ಯೂಸಿಯಂ ನೋಡಿ. ಅದೂ ಬೇಡವೆಂದರೆ ಕನ್ನರೇಜೊದ ಗೆತ್ತೊ. 1516ರಲ್ಲಿ ಯಹೂದಿಗಳನ್ನು ಕೂಡಿಹಾಕಿದ ಜಾಗ ಇದು. ಮುಂದೆ ಜಗತ್ತಿನ ಅಂಥ ಕೇರಿಗಳಿಗೆಲ್ಲ ಹೆಸರು ಬಂದದ್ದು ಇಲ್ಲಿಂದಲೇ. ಹೊರಗೆ ಬಿಡದೆ ಒಳಗೇ ತುಂಬಿಸಿದ್ದರಿಂದ ಮನೆಗಳು ಮೇಲೆ ಮೇಲೆ ಬೆಳೆದವು, ಊರಿನ ಬೇರೆಡೆಗಿಂತ ಎತ್ತರ. ನಿಲ್ದಾಣಕ್ಕೆ ಹತ್ತು ನಿಮಿಷವೂ ಇಲ್ಲ, ಹೊರಡುವ ದಿನಕ್ಕೆ ಅನುಕೂಲ.

ಕೋಣೆ ಖಾಲಿ ಮಾಡಿದ ಮೇಲೆ ಚೀಲ ಹಾಸ್ಟೆಲ್‌ನಲ್ಲೇ ಬಿಡಿ. ಸಾಂತಾ ಲುಚೀಯಾದಲ್ಲೂ ಸಾಮಾನು ಇಡುವ ಕೊಠಡಿಯಿದೆ, ಗಂಟೆ ಲೆಕ್ಕದಲ್ಲಿ ಹಣ. ಒದ್ದೆ ಶೂ ಒಳಗೆ ಹಿಂದಿನ ರಾತ್ರಿಯೇ ಪತ್ರಿಕೆಯ ಕಾಗದ ತುರುಕಿಡಿ, ಬೆಳಿಗ್ಗೆ ಅರ್ಧವಾದರೂ ಒಣಗಿರುತ್ತದೆ. ವಿಮಾನ ಇದ್ದವರು ಆ ದಿನದ ಉಬ್ಬರ ನೋಡಿ ಹೊರಡುವ ಹೊತ್ತು ಇಟ್ಟುಕೊಳ್ಳಿ. ಹಲಗೆ ದಾರಿಯಲ್ಲಿ ಜನ ಸಾಲುಗಟ್ಟಿದರೆ ಹದಿನೈದು ನಿಮಿಷದ ನಡಿಗೆ ನಲವತ್ತಾಗುತ್ತದೆ. ರೈಲಿನವರಿಗೆ ಅಷ್ಟು ಭಯವಿಲ್ಲ. ಸಾಂತಾ ಲುಚೀಯಾದಿಂದ ಮೆಸ್ತ್ರೆಗೆ ಹಗಲೆಲ್ಲ ಕೆಲವೇ ನಿಮಿಷಕ್ಕೊಂದು ರೈಲು ಇದೆ, ದೂರದ ಊರಿನ ರೈಲುಗಳು ಬಹುತೇಕ ಅಲ್ಲೂ ನಿಲ್ಲುತ್ತವೆ. ರೀಜನಲ್ ಟಿಕೆಟ್ ಆದರೆ ಆ ದಿನದ ಮುಂದಿನ ಗಾಡಿಗೆ ದಾರಿ ಉಂಟು. ವೇಗದ ರೈಲಿನ ಅಗ್ಗದ ಟಿಕೆಟ್ ಮಾತ್ರ ಆ ಒಂದೇ ಗಾಡಿಗೆ. ಅಂಥದ್ದಿದ್ದರೆ ಕೊನೆಯ ಕಾಫಿಯನ್ನು ನಿಲ್ದಾಣದೊಳಗೇ ಕುಡಿಯಿರಿ.